ನಡುವಿನ ಕೋಣೆ

ಅಪ್ಪ ಮಗ ಮಾತು ಬಿಟ್ಟು ಹತ್ತೊಂಬತ್ತು ತಿಂಗಳಾಗಿತ್ತು. ಬೈಂಡಿಂಗ್ ಕೆಲಸ ಮಾತ್ರ ಒಂದು ದಿನವೂ ನಿಂತಿರಲಿಲ್ಲ. ಇಬ್ಬರ ಮಾತನ್ನೂ ಹೊತ್ತುಕೊಂಡು ಓಡಾಡುವುದಕ್ಕೆ ಸೊಸೆ ಇದ್ದಳು.

ಕೆಳಗೆ ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು ಮೂರು ಕೋಣೆ. ಬೀದಿಯ ಕಡೆಗಿದ್ದದ್ದು ಗಂಡನದು. ಗಿರಾಕಿಗಳನ್ನು ಮಾತಾಡಿಸುವುದು, ರಟ್ಟು ಕೂರಿಸುವುದು, ಅಂಟು ಬಳಿಯುವುದು ಅವನ ಪಾಲು. ಹಿತ್ತಲ ಕಡೆಯದು ಮಾವನದು. ಅಲ್ಲಿ ನೆಲಕ್ಕೆ ಬೋಲ್ಟು ಬಿಗಿದ ಕಬ್ಬಿಣದ ಕಟಿಂಗ್ ಮಷಿನ್ ಇತ್ತು. ಹೊಲಿದ ಪುಸ್ತಕದ ಮೂರು ಅಂಚನ್ನೂ ಅದರಲ್ಲಿ ಒಂದೇ ಸಮ ಕತ್ತರಿಸುವುದು ನಲವತ್ತಾರು ವರ್ಷಗಳಿಂದ ಅವರ ಕೆಲಸ. ನಡುವಿನ ಕೋಣೆಯಲ್ಲಿ ಸೊಸೆ ಸೂಜಿ ದಾರ ಹಿಡಿದು ಹಾಳೆಗಳನ್ನು ಹೊಲಿಯುತ್ತಿದ್ದಳು. ಕಾಗದದ ಧೂಳು ಹರಡಬಾರದೆಂದು ಎರಡೂ ಕಡೆಯ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಗಂಡನ ಮೇಜಿನಿಂದ ಮಾವನ ಮಷಿನ್‌ಗೆ ಇಪ್ಪತ್ತೆರಡು ಹೆಜ್ಜೆ. ದಿನಕ್ಕೆ ಹತ್ತು ಸಲವಾದರೂ ನಡೆಯುವ ದಾರಿಯಾದ್ದರಿಂದ ಅವಳು ಎಣಿಸಿಟ್ಟಿದ್ದಳು. ಮೇಲಿನ ಅಂತಸ್ತಿನಲ್ಲಿ ಸಂಸಾರ: ಮಂಡಿ ನೋವಿನ ಅತ್ತೆ, ಹದಿನಾಲ್ಕು ವರ್ಷದ ಮಗಳು, ಅಡುಗೆಮನೆ.

ಜಗಳ ಹುಟ್ಟಿದ್ದು ಒಂದು ಕಾಲೇಜಿನ ನಲವತ್ತು ಪುಸ್ತಕಗಳಿಂದ. ಗಂಡ ಹೊಲಿಗೆ ಬಿಟ್ಟು ಬೆನ್ನಿಗೆ ಬರೀ ಅಂಟು ಹಾಕಿ ಎರಡು ದಿನದ ಕೆಲಸವನ್ನು ಅರ್ಧ ದಿನದಲ್ಲಿ ಮುಗಿಸಿದ್ದ. ಕಾಲೇಜಿನ ಗುಮಾಸ್ತ ಒಯ್ಯಲು ಬಂದು ನಿಂತಿದ್ದಾಗ ಮಾವ ಒಳಗಿನಿಂದ ಬಂದರು. ಒಂದು ಪುಸ್ತಕ ಎತ್ತಿಕೊಂಡು, ಎರಡೂ ರಟ್ಟು ಹಿಡಿದು ಕೊಡವಿದರು. ಹಾಳೆಗಳು ಗುಮಾಸ್ತನ ಬೂಟಿನ ಮೇಲೆ ಬಿದ್ದವು. ಎರಡನೆಯದನ್ನೂ ಕೊಡವಿದರು. ಮೂರನೆಯದಕ್ಕೆ ಕೈ ಹಾಕಿದಾಗ ಮಗ ಅವರ ಕೈ ಹಿಡಿದ. "ಇವತ್ತಿಗೆ ಮುಗೀತು. ಇನ್ನು ನಿಮ್ಮ ಹತ್ರ ನನಗೆ ಮಾತಿಲ್ಲ" ಅಂದ. "ನನಗೂ ಬೇಕಾಗಿಲ್ಲ" ಅಂದರು ಅಪ್ಪ. ಕೊಟ್ಟ ಮಾತಿಗೆ ತಪ್ಪುವ ಜಾಯಮಾನ ಇಬ್ಬರದೂ ಅಲ್ಲ.

ಅಂದಿನಿಂದ ಗಂಡ "ಅಪ್ಪನಿಗೆ ಹೇಳು" ಅನ್ನುತ್ತಿರಲಿಲ್ಲ. "ಒಳಗೆ ಹೇಳು" ಅನ್ನುತ್ತಿದ್ದ. ಮಾವನೂ ಅಷ್ಟೇ. "ಹೊರಗೆ ಹೇಳಮ್ಮ."

"ಒಳಗೆ ಹೇಳು, ಈ ಕಟ್ಟು ಓರೆಯಾಗಿದೆ. ಮಷಿನ್ ಕತ್ತರಿಸಿದ್ದೋ ಇಲಿ ಕಡಿದಿದ್ದೋ ಕೇಳಿಕೊಂಡು ಬಾ" ಎಂದು ಗಂಡ ಕಳಿಸಿದರೆ ಸೊಸೆ ಹಿಂದಿನ ಕೋಣೆಗೆ ಹೋಗಿ, "ಮಾವ, ಇದೊಂಚೂರು ಓರೆ ಬಂದಿದೆಯಂತೆ. ಮಷಿನ್ನೇ ಹಳೇದು, ಪಾಪ ಅವರೇನು ಮಾಡ್ತಾರೆ ಅಂದ್ರು" ಅನ್ನುತ್ತಿದ್ದಳು.

ಮಾವ, "ಹೊರಗೆ ಹೇಳಮ್ಮ, ಹೀಗೆ ಪುಸ್ತಕ ಕಟ್ಟೋದಕ್ಕಿಂತ ಕಡಲೆಕಾಯಿ ಪೊಟ್ಟಣ ಕಟ್ಟಿ ಮಾರಿದ್ರೆ ಜನಕ್ಕೆ ಉಪಯೋಗ ಆಗುತ್ತೆ" ಅಂದರೆ, ಮುಂದಿನ ಕೋಣೆಗೆ ಮುಟ್ಟುವಾಗ ಅದು, "ಅಂಟು ಇನ್ನರ್ಧ ಗಂಟೆ ಒಣಗಲಿ ಅಂದ್ರು. ನೋಡೋಕೆ ಚೆನ್ನಾಗಿ ಬಂದಿದೆ ಅಂದ್ರು" ಆಗಿರುತ್ತಿತ್ತು.

"ಚೆನ್ನಾಗಿದೆ ಅಂದ್ರಾ?"

"ಹೂಂ."

ಗಂಡ ಪುಸ್ತಕವನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿ ಕೆಳಗಿಡುತ್ತಿದ್ದ. ಅವತ್ತು ಮಧ್ಯಾಹ್ನದವರೆಗೆ ಮನೆಯಲ್ಲಿ ಗಾಳಿ ಸರಾಗವಾಗಿ ಆಡುತ್ತಿತ್ತು.

ಈ ವಿದ್ಯೆ ಕಲಿಸಿದ್ದು ಅತ್ತೆ. ಮಾವನಿಗೂ ಅವರ ತಮ್ಮನಿಗೂ ನಡುವೆ ಇಪ್ಪತ್ತು ವರ್ಷ ಅವರು ಇದೇ ಕೆಲಸ ಮಾಡಿದ್ದವರು. "ಖಾರ ಹೆಚ್ಚಾದ್ರೆ ನೀರು ಬೆರೆಸಲ್ವಾ? ಹಾಗೇ" ಅಂದಿದ್ದರು. "ಅಂದದ್ದನ್ನ ಅಂದ ಹಾಗೇ ಹೇಳಿದ್ರೆ ಈ ಮನೆ ಒಂದು ಊಟದ ಹೊತ್ತಿಗೂ ನಿಲ್ಲಲ್ಲ."

ಊಟವೂ ಎರಡು ಪಾಳಿಯಲ್ಲೇ. ಮಾವ ಹನ್ನೆರಡೂವರೆಗೆ, ಗಂಡ ಒಂದೂವರೆಗೆ. ಸೊಸೆ ಎರಡು ಸಲ ಬಿಸಿ ಮಾಡಿ, ಎರಡು ಸಲ ಬಡಿಸಿ, ಎರಡು ಸಲ ಮೇಜು ಒರೆಸಿ, ಎರಡು ಗಂಟೆಗೆ ತಣ್ಣಗಾದದ್ದನ್ನು ನಿಂತುಕೊಂಡೇ ಉಣ್ಣುತ್ತಿದ್ದಳು.

ಹೋದ ತಿಂಗಳು ಗಂಡ ಒಂದು ಕಟ್ಟು ಹಿಡಿದುಕೊಂಡು ನಡುವಿನ ಕೋಣೆಗೇ ಬಂದ. ಅಂಚು ಮೆಟ್ಟಿಲು ಮೆಟ್ಟಿಲಾಗಿತ್ತು.

"ಆ ಮನುಷ್ಯನಿಗೆ ಕಣ್ಣು ಕಾಣಲ್ಲ ಅಂತ ಒಳಗೆ ಹೇಳು. ಬಲಗಣ್ಣಲ್ಲಿ ಪೊರೆ ಬಂದಿದೆ, ಬೀದಿಗೆಲ್ಲ ಗೊತ್ತು. ಮೊನ್ನೆ ಹಾಲಿನವನನ್ನ ನನ್ನ ಹೆಸರು ಹಿಡಿದು ಕರೆದ್ರಂತೆ. ಬ್ಲೇಡಿನ ಕೆಳಗೆ ಬೆರಳು ಕೊಟ್ಟುಕೊಂಡ ಮೇಲೆ ನಾನು ಆಸ್ಪತ್ರೆಗೆ ಓಡಲ್ಲ. ಮಷಿನ್ ಬಿಟ್ಟು ಡಾಕ್ಟರ ಹತ್ರ ಹೋಗಲಿ."

ಸೊಸೆ ಇಪ್ಪತ್ತೆರಡು ಹೆಜ್ಜೆಯಲ್ಲಿ ಹನ್ನೊಂದನ್ನು ನಡೆಯುವಷ್ಟರಲ್ಲಿ ಮಾತು ಹದವಾಗಿತ್ತು.

"ಮಾವ, ಇಲ್ಲಿ ಬೆಳಕು ಸಾಲದು ಅಂದ್ರು ಇವರು. ಇನ್ನೊಂದು ದೀಪ ಹಾಕಿಸ್ತಾರಂತೆ."

ಮಾವ ಮಷಿನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ನಿಂತರು. "ಅವನೇ ಹೇಳಿದನಾ?"

"ಅವರೇ."

ಅವತ್ತು ಮಾವ ಇನ್ನೊಂದು ಚಮಚ ಅನ್ನ ಹಾಕಿಸಿಕೊಂಡರು. ಸೊಸೆ ಮಾರನೆಯ ದಿನ ತಾನೇ ಎಲೆಕ್ಟ್ರಿಷಿಯನ್ನನ್ನು ಕರೆಸಿ ಮಷಿನ್ ಮೇಲೊಂದು ಟ್ಯೂಬ್‌ಲೈಟ್ ಹಾಕಿಸಿದಳು. ಗಂಡನಿಗೆ, "ಡಾಕ್ಟರ ಹತ್ರ ಹೋಗೋಣ ಅಂದ್ರು ಮಾವ, ನೋಡೋಣ" ಅಂದಳು. ಮಾವ ಹಾಗೆ ಅಂದಿರಲಿಲ್ಲ. ಅವರಿಗೆ ಡಾಕ್ಟರ ವಿಷಯವನ್ನೇ ಯಾರೂ ಹೇಳಿರಲಿಲ್ಲ.

ಅದಾಗಿ ಮೂರು ವಾರಕ್ಕೆ ನರ್ಸಮ್ಮ ಬಂದರು. ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಿಯಾದವರು. ಚೀಲದಿಂದ ನಾಲ್ಕು ಉದ್ದನೆಯ ನೋಟ್‌ಪುಸ್ತಕ ತೆಗೆದು ಗಂಡನ ಮೇಜಿನ ಮೇಲಿಟ್ಟರು. ತಾವು ಕೈಯಾರೆ ಹಿಡಿದ ಒಂದೊಂದು ಮಗುವಿಗೂ ಒಂದೊಂದು ಸಾಲು: ತಾರೀಕು, ತಾಯಿಯ ಹೆಸರು, ಗಂಟೆ, ತೂಕ, ಕೊನೆಗೆ ಒಂದೆರಡು ಮಾತು. ಕಾಗದ ಉಳಿಸಲು ಹಾಳೆಯ ಕೆಳ ಅಂಚಿಗೆ ತಾಗುವಂತೆ ಬರೆದಿದ್ದರು.

"ನಾಲ್ಕನ್ನೂ ಸೇರಿಸಿ ಒಂದು ಪುಸ್ತಕ ಮಾಡಿಕೊಡಿ. ನಮ್ಮ ವಾರ್ಡಿನಲ್ಲಿ ಕೆಲಸ ಮಾಡಿದವರೆಲ್ಲ ಎರಡು ವಾರಕ್ಕೆ ಸೇರ್ತಾ ಇದ್ದೀವಿ. ಅವರಿಗೆ ತೋರಿಸಬೇಕು."

ಮಗಳು ಆಗಷ್ಟೇ ಶಾಲೆಯಿಂದ ಬಂದಿದ್ದಳು. ನರ್ಸಮ್ಮ ಅವಳ ಮುಖ ನೋಡಿ, ನಾಲ್ಕನೆಯ ಪುಸ್ತಕ ತಿರುವಿ, ಪುಟದ ನಡುವಿನ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇಕೋ ನೀನು. ಎರಡು ಕಿಲೋ ಒಂಬೈನೂರು. ಅತ್ತಿದ್ದು ತಡ."

"ಆಮೇಲೆ ಎಲ್ಲಾ ಬಡ್ಡಿ ಸಮೇತ ಅತ್ತು ತೀರಿಸಿದ್ದಾಳೆ" ಅಂದಳು ಸೊಸೆ. ಗಂಡನೂ ನಕ್ಕ.

ಸೊಸೆ ನಾಲ್ಕು ದಿನ ಕೂತು ನೂರ ತೊಂಬತ್ತೆರಡು ಹಾಳೆಗಳನ್ನು ಹೊಲಿದಳು. ಹೊಲಿಗೆ ಮುಗಿದ ದಿನ ಗಂಡ ಬಂದು ನೋಡಿ ಕೆಳ ಅಂಚಿನ ಮೇಲೆ ಬೆರಳಾಡಿಸಿದ.

"ಇದನ್ನ ಕತ್ತರಿಸೋ ಹಾಗೇ ಇಲ್ಲ. ಹೀಗೇ ರಟ್ಟು ಹಾಕ್ತೀನಿ. ಒಳಗೆ ಹೇಳು, ಇದಕ್ಕೆ ಕೈ ಹಚ್ಚಬೇಡ ಅಂತ. ಕಣ್ಣು ಕಾಣದವನು ಅಂಚು ಮುಟ್ಟಬಾರದು. ಹೀಗೇ ಹೇಳು."

ಸೊಸೆ ಹೋದಳು. ಮಾವ ಹೊಸ ದೀಪದ ಕೆಳಗೆ ಬ್ಲೇಡಿಗೆ ಎಣ್ಣೆ ಹಚ್ಚುತ್ತಿದ್ದರು.

"ನರ್ಸಮ್ಮನ ಪುಸ್ತಕಕ್ಕೆ ಅವಸರ ಇಲ್ಲವಂತೆ ಮಾವ. ಅವರು ಸುಧಾರಿಸಿಕೊಳ್ಳಲಿ ಅಂದ್ರು. ಎಲ್ಲಾ ನಿಮ್ಮ ಮೇಲೇ ಹಾಕೋದು ಸರಿಯಲ್ಲ ಅಂದ್ರು ಇವರು."

ಮಾವ ಎಣ್ಣೆಯ ಬಟ್ಟೆ ಕೆಳಗಿಟ್ಟರು. "ಹಾಗಂದನಾ" ಅಂದರು.

ಇಷ್ಟು ಹೇಳಿದರೆ ಪುಸ್ತಕ ತನ್ನ ಕಪಾಟಿನಲ್ಲೇ ಇರುತ್ತದೆ ಎಂದು ಅವಳ ಲೆಕ್ಕ. ಅದನ್ನು ಅಲ್ಲೇ ಇಟ್ಟು ಅಡುಗೆಗೆ ಮೇಲೆ ಹೋದಳು. ಅದು ಮಂಗಳವಾರ.

ಹನ್ನೆರಡು ಗಂಟೆಗೆ ಇಳಿದು ಬಂದಾಗ ಕಪಾಟು ಖಾಲಿಯಾಗಿತ್ತು. ಎರಡೂ ಕಡೆಯ ಬಾಗಿಲು ತೆರೆದಿತ್ತು. ಮುಂದಿನ ಕೋಣೆಯಲ್ಲಿ, ಹತ್ತೊಂಬತ್ತು ತಿಂಗಳಲ್ಲಿ ಮೊದಲ ಸಲ, ಮಾವ ಮಗನ ಮೇಜಿನ ಎದುರು ನಿಂತಿದ್ದರು. ತಲೆ ಬಾಚಿಕೊಂಡಿದ್ದರು. ಎರಡೂ ಕೈಯಲ್ಲಿ ಪುಸ್ತಕ ಹಿಡಿದು ಮಗನ ಮುಂದೆ ಇಟ್ಟರು. ಏನೋ ಹೇಳಲು ಬಾಯಿ ತೆರೆದು ಗಂಟಲು ಸರಿಮಾಡಿಕೊಂಡರು.

ಗಂಡ ಪುಸ್ತಕ ತೆರೆದ. ಇನ್ನೊಂದು ಪುಟ ತೆರೆದ. ಆಮೇಲೆ ಹೆಬ್ಬೆರಳಲ್ಲಿ ಸರಸರನೆ ತಿರುವಿದ. ಮೇಲಿನ ಅಂಚು ಸರಿಯಾಗಿತ್ತು, ಪಕ್ಕದ ಅಂಚೂ ಸರಿಯಾಗಿತ್ತು. ಕೆಳಗೆ ಪ್ರತಿ ಪುಟದಲ್ಲೂ ಕೊನೆಯ ಸಾಲು ಇರಲಿಲ್ಲ. ಹಾಳೆಯ ಎರಡೂ ಮಗ್ಗುಲು ಲೆಕ್ಕ ಹಾಕಿದರೆ ಮುನ್ನೂರ ಎಂಬತ್ತನಾಲ್ಕು ಮಕ್ಕಳು.

ಅವನು ತಲೆಯೆತ್ತಿ ಅಪ್ಪನನ್ನು ನೋಡಲಿಲ್ಲ. ಹೆಂಡತಿಯನ್ನು ನೋಡಿದ.

"ನಾನು ಏನು ಹೇಳಿ ಕಳಿಸಿದ್ದೆ?"

"ಅವನು ಏನು ಹೇಳಿ ಕಳಿಸಿದ್ದ?" ಅಂದರು ಮಾವ, ಅವರೂ ಅವಳ ಕಡೆಗೇ ತಿರುಗಿ.

"ಇದನ್ನ ಮುಟ್ಟಬೇಡ ಅಂತ ಹೇಳು ಅಂದೆನೋ ಇಲ್ಲವೋ?"

"ಸುಧಾರಿಸಿಕೊಳ್ಳಲಿ ಅಂದ ಅಂತ ಹೇಳಿದೆಯಲ್ಲಮ್ಮ ನೀನು. ಅಷ್ಟು ಹೇಳಿ ಕಳಿಸಿದ ಮೇಲೆ ನಾನು ಸುಮ್ಮನೆ ಕೂರೋದು ಹೇಗೆ? ಅವನಿಗೊಂದು ಕೆಲಸ ಹಗುರ ಆಗಲಿ ಅಂತ ಮಾಡಿದೆ."

"ನಾನು ಹಾಗೆ ಹೇಳೇ ಇಲ್ಲ. ಅವರಿಗೆ ಹೇಳು, ನಾನು ಹಾಗೆ ಹೇಳಿಲ್ಲ ಅಂತ."

"ಹಾಗಾದ್ರೆ ದೀಪ? ದೀಪ ಹಾಕಿಸ್ತೀನಿ ಅಂದನಾ ಇಲ್ವಾ, ಕೇಳು ಅವನನ್ನ."

"ಯಾವ ದೀಪ? ಡಾಕ್ಟರ ಹತ್ರ ಹೋಗ್ತೀನಿ ಅಂದ್ರು ಅಂದೆಯಲ್ಲ, ಅದಾದ್ರೂ ನಿಜವಾ? ಕೇಳು."

ಒಂದೊಂದೇ ಹೊರಬಿತ್ತು. ಅಂಟು ಚೆನ್ನಾಗಿದೆ ಅಂದದ್ದು, ಮಷಿನ್ ಹಳೆಯದು ಅಂದದ್ದು, ಹಬೆಯಾಡುವ ಮಾತೆಲ್ಲ ತಣ್ಣಗೆ ಮಾಡಿ ಕೊಟ್ಟದ್ದು. ಇಬ್ಬರ ನಡುವೆ ಮೂರಡಿ ಅಂತರವೂ ಇರಲಿಲ್ಲ. ಆದರೂ ಪ್ರತಿ ಮಾತೂ ಸೊಸೆಯ ಮುಖಕ್ಕೆ ಬಡಿದು ಅಲ್ಲಿಂದ ತಿರುಗಿ ಇನ್ನೊಬ್ಬನಿಗೆ ಹೋಗುತ್ತಿತ್ತು.

"ಹತ್ತೊಂಬತ್ತು ತಿಂಗಳು ಸುಳ್ಳು ಹೇಳಿದೀಯ" ಅಂದ ಗಂಡ.

"ಮನೆಯವರ ಹತ್ರ ಹೀಗೆ ಆಡಬಾರದಮ್ಮ" ಅಂದರು ಮಾವ.

ಈ ಒಂದು ವಿಷಯದಲ್ಲಿ ಅಪ್ಪ ಮಗ ಒಂದಾಗಿದ್ದರು. ಸೊಸೆ ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು ಗಂಡನ ಮೇಜಿನ ಮೇಲಿಟ್ಟಳು.

"ಸರಿ. ಇವತ್ತಿಂದ ನಾನು ಒಳಗೂ ಹೇಳಲ್ಲ, ಹೊರಗೂ ಹೇಳಲ್ಲ."

ಆಡಿದ ಹಾಗೇ ನಡೆದುಕೊಂಡಳು. ಹೊಲಿಗೆ ಹೊಲಿದಳು, ಅಡುಗೆ ಮಾಡಿದಳು, ಬಡಿಸಿದಳು. "ಒಳಗೆ ಹೇಳು" ಎಂದು ಗಂಡ ಶುರು ಮಾಡಿದರೆ ದಾರ ಕಚ್ಚಿ ಕತ್ತರಿಸಿ ಇನ್ನೊಂದು ಗಂಟು ಹಾಕುತ್ತಿದ್ದಳು. "ಹೊರಗೆ ಹೇಳಮ್ಮ" ಎಂದ ಮಾವನ ತಟ್ಟೆಗೆ ಸೊಪ್ಪು ಬಡಿಸಿ ಒಳಗೆ ಹೋದಳು.

"ಹಟ ಯಾಕೆ?" ಅಂದರು ಅತ್ತೆ, ಆಲೂಗಡ್ಡೆ ಹೆರೆಯುತ್ತ. "ತಪ್ಪು ನಿನ್ನದೇ. ಬೆರೆಸೋಕೂ ಒಂದು ಅಳತೆ ಇರುತ್ತೆ. ಪುಸ್ತಕ ಮುಟ್ಟಬೇಡಿ ಅನ್ನೋದನ್ನ ಉಳಿಸಿಕೊಂಡು ಮಿಕ್ಕಿದ್ದು ಬಿಡಬೇಕಿತ್ತು."

"ಮಿಕ್ಕಿದ್ದರಲ್ಲೇ ಕಣ್ಣು ಇತ್ತು ಅತ್ತೆ."

"ಕಣ್ಣಿನ ಮಾತು ಗಂಡಸಿಗೆ ಹಾಗೆಲ್ಲ ಹೇಳೋಕಾಗುತ್ತಾ?"

"ನಿಮಗೆ ಗೊತ್ತಿತ್ತಾ?"

ಅತ್ತೆ ಸಿಪ್ಪೆ ಒಟ್ಟುಮಾಡಿದರು. "ಎರಡು ವರ್ಷದಿಂದ ದಿನಾ ನಾನೇ ಪೇಪರ್ ಓದಿ ಹೇಳ್ತೀನಲ್ಲ."

ಸೊಸೆ ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿ ಕುಕ್ಕಿದಳು. ಎರಡು ವರ್ಷ. ಆ ಬ್ಲೇಡಿನ ಪಕ್ಕ ಎರಡು ವರ್ಷ ಆ ಬೆರಳುಗಳು.

ಶುಕ್ರವಾರ ಸಂಜೆ ಅವಳು ಮೆಟ್ಟಿಲ ಮೇಲೆ ಒಗೆದ ಬಟ್ಟೆ ಹೊತ್ತು ಇಳಿಯುತ್ತಿದ್ದಳು. ಹಿಂದಿನ ಕೋಣೆಯಿಂದ ಮಾವನ ದನಿ ಕೇಳಿತು.

"ಪುಟ್ಟಿ, ನಿಮ್ಮಪ್ಪನಿಗೆ ಹೇಳು. ನರ್ಸಮ್ಮ ಅವನ ಗಿರಾಕಿ, ಅವನೇ ಹೋಗಿ ಹೇಳಲಿ. ಮುಖ ತೋರಿಸೋ ಧೈರ್ಯ ಇಲ್ಲ ಅಂದ್ರೆ ಬಳೆ ತೊಟ್ಟುಕೊಂಡು ಒಳಗೆ ಕೂರಲಿ."

ಮಗಳು ನಡುವಿನ ಕೋಣೆ ದಾಟಿ ಹೋದಳು. ಸೊಸೆ ಮೆಟ್ಟಿಲಲ್ಲೇ ನಿಂತಳು.

"ಅಪ್ಪ, ತಾತ ಹೇಳಿದ್ರು, ನರ್ಸಮ್ಮನ ಹತ್ರ ನೀವು ಮಾತಾಡಿದ್ರೇ ಚೆನ್ನಾಗಿರುತ್ತಂತೆ. ನಿಮಗೆ ಜನರ ಹತ್ರ ಮಾತಾಡೋಕೆ ಬರುತ್ತಂತೆ."

"ಹಾಗಂದ್ರಾ?"

"ಹೂಂ."

ಅದು ತನ್ನದೇ ಹೂಂ. ಉದ್ದವೂ ಅಷ್ಟೇ, ಇಳಿತವೂ ಅಷ್ಟೇ. ಸೊಸೆ ಬಟ್ಟೆಯ ಬುಟ್ಟಿಯನ್ನು ಮೆಟ್ಟಿಲ ಮೇಲೆ ಬಿಟ್ಟಳು. ಅದು ಉರುಳಿ ಉರುಳಿ ಕೆಳಗೆ ಹೋಗಿ ಬಿತ್ತು. ಮಗಳು ಓಡಿ ಬಂದಳು.

"ಎಷ್ಟು ದಿನದಿಂದ?" ಅಂದಳು ಸೊಸೆ.

"ಏನಮ್ಮ?"

"ಈ ಕೆಲಸ. ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ಬುಧವಾರದಿಂದ. ನೀನು ಮಾಡೋದನ್ನ ನೋಡಿದ್ದೆನಲ್ಲ." ಮಗಳು ಬಗ್ಗಿ ಒಂದು ಅಂಗಿ ಎತ್ತಿಕೊಂಡಳು. "ಚೆನ್ನಾಗಿ ಮಾಡಲಿಲ್ವಾ?"

"ಚೆನ್ನಾಗಿ ಮಾಡಿದೆ" ಅಂದಳು ಸೊಸೆ. ಹಲ್ಲು ಕಚ್ಚಿ ಹೇಳಿದ್ದರಿಂದ ಮಗಳಿಗೆ ಅದು ಬೈಗುಳದ ಹಾಗೆ ಕೇಳಿರಬೇಕು. "ಇನ್ನೊಂದು ಸಲ ಮಾಡಿದ್ರೆ ಕಾಲು ಮುರೀತೀನಿ."

ಶನಿವಾರ ಬೆಳಿಗ್ಗೆ ಯಾರಿಗೂ ಹೇಳದೆ ನರ್ಸಮ್ಮನ ಮನೆಗೆ ಹೋದಳು. ದಾರಿಯುದ್ದಕ್ಕೂ ಬಾಯಲ್ಲಿ ಮೆತ್ತನೆಯ ಮಾತುಗಳು ತಾವಾಗಿಯೇ ಜೋಡಿಸಿಕೊಳ್ಳುತ್ತಿದ್ದವು: ಸ್ವಲ್ಪ ತೊಂದರೆ ಆಗಿದೆ, ಒಂದೆರಡು ಕಡೆ ಅಂಚು. ಬಾಗಿಲು ತೆರೆದಾಗ ಎಲ್ಲವನ್ನೂ ನುಂಗಿದಳು.

"ನಿಮ್ಮ ಪುಸ್ತಕ ಹಾಳು ಮಾಡಿದ್ದೀವಿ. ಪ್ರತಿ ಪುಟದ ಕೊನೆಯ ಸಾಲು ಕತ್ತರಿಸಿ ಹೋಗಿದೆ. ನಮ್ಮ ಮಾವನಿಗೆ ಕಣ್ಣು ಕಾಣಲ್ಲ. ಕತ್ತರಿಸಬೇಡಿ ಅಂತ ನಾನು ಹೇಳಬೇಕಿತ್ತು, ಹೇಳಲಿಲ್ಲ."

ನರ್ಸಮ್ಮ ಒಳಗೆ ಕರೆಯಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತರು. "ಯಾವತ್ತು ಆಯ್ತು?"

"ಮಂಗಳವಾರ."

"ಇವತ್ತು ಶನಿವಾರ."

"ಹೌದು."

"ನಾಲ್ಕು ದಿನ ನೀವು ಮೂವರೂ ಮನೆಯಲ್ಲಿ ಏನು ಮಾಡ್ತಾ ಇದ್ರಿ?" ದನಿ ಏರಲಿಲ್ಲ. ಏರದ್ದೇ ಕಷ್ಟವಾಯಿತು. "ಮಗು ಉಸಿರಾಡ್ತಾ ಇಲ್ಲ ಅಂದ್ರೆ ನಾನು ಮೊದಲು ಡಾಕ್ಟರನ್ನ ಕೂಗ್ತಿದ್ದೆ. ಯಾರ ತಪ್ಪು ಅನ್ನೋದನ್ನ ಆಮೇಲೆ ನೋಡ್ತಿದ್ವಿ. ಚೂರುಗಳು ಇದಾವಾ? ಸುಟ್ಟಿರಾ?"

ಚೂರುಗಳು ಇದ್ದವು. ಪುಸ್ತಕ ಅಂಗಡಿಯ ಬಾಗಿಲು ದಾಟಿ ಹೋಗುವವರೆಗೆ ಕತ್ತರಿಸಿದ ಚೂರನ್ನು ಎಸೆಯಬಾರದು ಎಂಬುದು ಮಾವ ನಲವತ್ತಾರು ವರ್ಷ ಬಿಡದೆ ಪಾಲಿಸಿದ ನೇಮ. ಮಷಿನ್ನಿನ ಕೆಳಗೆ ಗೋಣಿಚೀಲದಲ್ಲಿ ಬೇರೆ ಪುಸ್ತಕಗಳ ಚೂರಿನ ಜೊತೆ ಬೆರೆತು ಎಲ್ಲವೂ ಇದ್ದವು.

"ಹಾಗಾದ್ರೆ ಅಂಟಿಸಿ ಕೊಡಿ. ಅಂದ ನನಗೆ ಬೇಡ. ಒಂದು ಮಗುವೂ ಬಿಟ್ಟುಹೋಗಬಾರದು" ಎಂದು ನರ್ಸಮ್ಮ ಬಾಗಿಲು ಹಾಕಿಕೊಂಡರು.

ಸೊಸೆ ರಸ್ತೆಗಿಳಿದಳು. ಆಡಬೇಕಾದದ್ದನ್ನು ಆಡಿ ಮುಗಿಸಿದ್ದಳು. ಬೈಗುಳ ಬಿದ್ದಿತ್ತು, ಅಷ್ಟೇ.

ಭಾನುವಾರ ಹನ್ನೆರಡೂವರೆಗೆ ಮಾವ ಮೇಲೆ ಬಂದಾಗ ಮೇಜು ಖಾಲಿಯಿತ್ತು. "ಊಟ ಒಂದು ಗಂಟೆಗೆ" ಅಂದಳು. ಒಂದಕ್ಕೆ ಗಂಡನನ್ನು ಕೂಗಿದಳು. ಅವನು ಬಂದು, ಅಪ್ಪ ಕೂತಿರುವುದನ್ನು ಕಂಡು ತಿರುಗಿದ.

"ಕೂತ್ಕೊಳ್ರಿ" ಅಂದಳು ಸೊಸೆ. "ಇವತ್ತಿಂದ ಇನ್ನೊಂದು ಸಲ ಬಡಿಸಲ್ಲ."

ಅವನು ಕುರ್ಚಿ ಎಳೆದು ಮೇಜಿನ ಆ ತುದಿಯಲ್ಲಿ ಕೂತ. ಐದು ತಟ್ಟೆ. ಅನ್ನ, ಬೇಳೆ, ಸೊಪ್ಪು. ನಡುವೆ, ಪಾತ್ರೆಗಳ ಪಕ್ಕದಲ್ಲೇ, ಗೋಣಿಚೀಲ. ಅದರ ಪಕ್ಕ ನರ್ಸಮ್ಮನ ಪುಸ್ತಕ.

"ಊಟದ ಮೇಜಿನ ಮೇಲೆ ಕಸ ಯಾಕೆ?" ಅಂದರು ಅತ್ತೆ.

"ನಿನ್ನೆ ನರ್ಸಮ್ಮನ ಹತ್ರ ಹೋಗಿದ್ದೆ. ಎಲ್ಲಾ ಹೇಳಿದೆ. ಮುಂದಿನ ಶನಿವಾರದ ಒಳಗೆ ಎಲ್ಲಾ ಸಾಲು ಅಂಟಿಸಿ ಕೊಡಬೇಕು." ಸೊಸೆ ನಿಂತೇ ಇದ್ದಳು. "ಈಗ ನಿಮ್ಮ ಮಾತು. ಸುಳ್ಳು ಹೇಳಿದೆ ಅಂದ್ರಲ್ಲ. ನಿಜ, ಹೇಳಿದೆ. ಇವತ್ತು ಅಂದದ್ದನ್ನ ಅಂದ ಹಾಗೇ ಹೇಳ್ತೀನಿ. ಮಾವ, ದೀಪ ಹಾಕಿಸ್ತೀನಿ ಅಂತ ಇವರು ಹೇಳಲಿಲ್ಲ. ಆ ಮನುಷ್ಯನಿಗೆ ಕಣ್ಣು ಕಾಣಲ್ಲ, ಮಷಿನ್ ಬಿಟ್ಟು ಡಾಕ್ಟರ ಹತ್ರ ಹೋಗಲಿ ಅಂದ್ರು. ಬೆರಳು ಹೋದ್ರೆ ಆಸ್ಪತ್ರೆಗೆ ಓಡಲ್ಲ ಅಂದ್ರು. ಕಣ್ಣು ಕಾಣದವನು ಈ ಪುಸ್ತಕದ ಅಂಚು ಮುಟ್ಟಬಾರದು ಅಂದ್ರು."

ಮಾವನ ಕೈ ತಟ್ಟೆಯ ಮೇಲೆ ನಿಂತಿತು.

"ರೀ, ಅಂಟು ಚೆನ್ನಾಗಿದೆ ಅಂತ ಮಾವ ಒಂದು ದಿನವೂ ಅಂದಿಲ್ಲ. ಕಡಲೆಕಾಯಿ ಪೊಟ್ಟಣ ಕಟ್ಟಲಿ ಅಂದ್ರು. ಮೊನ್ನೆ ಮಗಳ ಕೈಲಿ ಹೇಳಿ ಕಳಿಸಿದ್ದು ಬಳೆ ತೊಟ್ಟುಕೊಂಡು ಒಳಗೆ ಕೂರಲಿ ಅಂತ."

"ಅವರು ಹೇಳಿದ್ದು ಹಾಗಲ್ಲ ಮಗನೇ" ಅಂದರು ಅತ್ತೆ ತಟ್ಟನೆ. "ಕೋಪದಲ್ಲಿ ಏನೋ–"

"ಅತ್ತೆ, ಅವರು ಹೇಳಿದ್ದು ಹಾಗೇ. ಚಿಕ್ಕಮಾವನ ಕಾಲದಲ್ಲೂ ನೀವು ನೀರು ಬೆರೆಸಿದ್ರಿ. ಅವರು ಸಾಯೋವರೆಗೂ ಅಣ್ಣ ತಮ್ಮ ಒಂದು ಮಾತಾಡಲಿಲ್ಲ. ಅಷ್ಟು ಚೆನ್ನಾಗಿ ನಡೀತು."

ಮಾವ ಹೆಂಡತಿಯನ್ನು ಒಮ್ಮೆ ನೋಡಿ ಕಣ್ಣು ತೆಗೆದರು.

"ಇಪ್ಪತ್ತೆರಡು ಹೆಜ್ಜೆ" ಅಂದಳು ಸೊಸೆ. "ನಿಜವಾಗ್ಲೂ ಹಾಗಂದ್ಯಾ ಅಂತ ಇಬ್ಬರಲ್ಲಿ ಒಬ್ಬರು ಎದ್ದು ಹೋಗಿ ಕೇಳಿದ್ರೆ ಮೊದಲನೇ ದಿನವೇ ನಾನು ಸಿಕ್ಕಿಬೀಳ್ತಿದ್ದೆ. ಯಾರೂ ಕೇಳಲಿಲ್ಲ. ನಿಮಗೆ ಆ ಸುಳ್ಳು ಬೇಕಿತ್ತು. ಮೊನ್ನೆ ಅದನ್ನ ನನ್ನ ಮಗಳ ಬಾಯಿಗೂ ಹಾಕಿದ್ರಿ."

ಮಗಳು ತಟ್ಟೆಯನ್ನೇ ನೋಡುತ್ತಿದ್ದಳು. ಮಾವ ಸೊಸೆಯ ಕಡೆ ತಿರುಗಿದರು.

"ಅವನಿಗೆ ಹೇಳು–"

"ಅವರು ಅಲ್ಲೇ ಕೂತಿದ್ದಾರೆ ಮಾವ."

ಬೇಳೆಯ ಮೇಲೆ ಕೆನೆ ಕಟ್ಟಿತು. ಕೊನೆಗೆ ಮಾವ ಮೇಜಿನ ಆ ತುದಿಗೆ ಮುಖ ತಿರುಗಿಸಿದರು. ಬಲಗಣ್ಣಿನ ಪಾಪೆ ಬೆಳ್ಳಗಿರುವುದು ಹಗಲ ಬೆಳಕಿನಲ್ಲಿ ಎಲ್ಲರಿಗೂ ಕಂಡಿತು.

"ಬಲಗಣ್ಣು ಹೋಗಿದೆ" ಅಂದರು. "ಎಡಗಣ್ಣು ಸಾಕು ನನಗೆ."

"ಸಾಕಾಗಿದ್ರೆ ಇದೇನು?" ಗಂಡ ಪುಸ್ತಕವನ್ನು ಅವರ ಮುಂದಕ್ಕೆ ದೂಡಿದ. "ಓದಿ. ಯಾವ ಪುಟ ಬೇಕಾದ್ರೂ."

"ಗುಮಾಸ್ತನ ಎದುರಿಗೆ ನೀನು ನನ್ನ ಕೈ ಹಿಡಿದೆ. ಅಪ್ಪನ ಕೈ."

"ಗುಮಾಸ್ತನ ಎದುರಿಗೆ ನೀವು ನನ್ನ ಪುಸ್ತಕ ಕೊಡವಿದ್ರಿ. ಆ ಕಾಲೇಜಿನವರು ಇವತ್ತಿಗೂ ನನ್ನನ್ನ ನೋಡಿದ್ರೆ ನಗ್ತಾರೆ. ನಲವತ್ತು ವರ್ಷದವನು ನಾನು."

"ಉದುರಿದ್ದು ಸುಳ್ಳಾ? ಉದುರಲಿಲ್ವಾ?"

"ಉದುರಿತು. ನನ್ನನ್ನ ಒಳಗೆ ಕರೆದು ಹೇಳಬಹುದಿತ್ತು."

"ಅದಕ್ಕೆ ಮುಂಚೆ ನಾಲ್ಕು ಸಲ ಹೇಳಿದ್ದೆ."

"ಯಾರ ಹತ್ರ?"

ಮಾವನ ನೋಟ ಸೊಸೆಯ ಮೇಲೆ ಬಿತ್ತು, ಆಮೇಲೆ ಹೆಂಡತಿಯ ಮೇಲೆ. ಅತ್ತೆ ಮೇಜಿನ ಬಟ್ಟೆಯ ಅಂಚನ್ನು ಮಡಿಸುತ್ತಿದ್ದರು.

"ಡಾಕ್ಟರ ಹತ್ರ ಯಾಕೆ ಹೋಗಲ್ಲ?" ಗಂಡನ ದನಿ ಬಿರುಕು ಬಿಟ್ಟಿತು. "ಬೆರಳು ತುಂಡಾಗೋವರೆಗೆ ಕಾಯ್ತೀರಾ?"

"ಹೋದ್ರೆ ಮಷಿನ್ ಬಿಡು ಅಂತಾರೆ. ಬಿಟ್ಟು ಏನು ಮಾಡಲಿ? ನಿನ್ನ ಅಂಟಿನ ಡಬ್ಬ ಹಿಡ್ಕೊಂಡು ನಿಂತ್ಕೊಳ್ಲಾ?"

"ನಿಂತ್ಕೊಳ್ಳಿ. ನಿಂತ್ಕೊಂಡ್ರೆ ನಿಮ್ಮ ಕಿರೀಟ ಬಿದ್ದುಹೋಗುತ್ತಾ?"

ಕುರ್ಚಿಗಳು ಹಿಂದೆ ಸರಿದವು. ಇಬ್ಬರೂ ಎದ್ದು ನಿಂತಿದ್ದರು. ಸೊಸೆಗೆ ನಾಲಿಗೆಯ ತುದಿಯವರೆಗೆ ಬಂತು, ಅವರು ಅಂದದ್ದು ಹಾಗಲ್ಲ ಮಾವ, ನಿಮ್ಮ ಮೇಲಿನ ಕಾಳಜಿಗೆ. ಅವಳು ನೀರಿನ ಲೋಟ ಎತ್ತಿ ಕುಡಿದು ಅದನ್ನು ಒಳಕ್ಕೆ ಇಳಿಸಿದಳು.

ಗಂಡ ಗೋಣಿಚೀಲವನ್ನೂ ಪುಸ್ತಕವನ್ನೂ ಎತ್ತಿಕೊಂಡು ದಡದಡನೆ ಕೆಳಗಿಳಿದ. ಸ್ವಲ್ಪ ಹೊತ್ತಿಗೆ ಅವನ ಕೂಗು ಮೇಲೆ ಬಂತು. "ನಿಮಗೆ ಕೆಲಸ ಬೇಕಲ್ಲ? ಬನ್ನಿ. ನಾನು ಓದ್ತೀನಿ, ನೀವು ಅಂಟಿಸಿ. ನನ್ನ ಅಂಟಿನಲ್ಲೇ."

"ಅವನ ಅಂಟಿನಲ್ಲಿ ಅಂಟಿಸಿದ್ರೆ ಶನಿವಾರ ನರ್ಸಮ್ಮನ ಕಾಲಿನ ಮೇಲೆ ಉದುರುತ್ತೆ" ಎಂದು ಮಾವ ಯಾರಿಗೋ ಹೇಳಿದರು. ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ. ಆಮೇಲೆ ಅವರು ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ಕೆಳಗಿನಿಂದ ಅದೇ ಮಾತು ಮತ್ತೆ ಕೇಳಿತು. ಈ ಸಲ ಅದು ಸೇರಬೇಕಾದವನಿಗೇ ಸೇರಿತ್ತು.

"ಹದಿನೇಳನೇ ತಾರೀಕು, ಬೆಳಗಿನ ನಾಲ್ಕು ಹತ್ತು, ಮೂರು ಕಿಲೋ..."

"ಜೋರಾಗಿ ಓದು. ಗೊಣಗಬೇಡ."

"ಕಿವಿಯೂ ಹೋಯ್ತಾ?"

ಸೊಸೆ ತಣ್ಣಗಾದ ಬೇಳೆಯನ್ನು ಒಲೆಯ ಮೇಲಿಟ್ಟು ಮತ್ತೆ ಬಿಸಿ ಮಾಡಿದಳು. ಕುರ್ಚಿ ಎಳೆದುಕೊಂಡು ಕೂತು, ತನ್ನ ತಟ್ಟೆಗೆ ಬಡಿಸಿಕೊಂಡಳು. ಕೆಳಗಿನಿಂದ ಏನೋ ಬಿದ್ದ ಸದ್ದಾಯಿತು. ಅಂಟಿನ ಡಬ್ಬವಿರಬೇಕು.

ಅತ್ತೆ ಮೊಮ್ಮಗಳ ಮೊಣಕೈ ತಟ್ಟಿದರು. "ಪುಟ್ಟಿ, ಇಳಿದು ಹೋಗು. ಊಟ ಆರುತ್ತೆ, ಸಮಾಧಾನ ಮಾಡ್ಕೊಂಡು ಬನ್ನಿ ಅಂತ ಅಪ್ಪನಿಗೂ ತಾತನಿಗೂ ಹೇಳಿ ಬಾ."

ಮಗಳು ಅಮ್ಮನ ಮುಖ ನೋಡಿದಳು. ಸೊಸೆ ಅನ್ನ ಕಲಸುತ್ತಿದ್ದಳು.

"ನೀವೇ ಕೂಗಿ ಹೇಳಿ ಅಜ್ಜಿ" ಅಂದಳು ಮಗಳು. "ಕೇಳಿಸುತ್ತೆ. ಬಾಗಿಲು ತೆಗೆದಿದೆ."

ಅತ್ತೆ ಸ್ವಲ್ಪ ಹೊತ್ತು ಕಿವಿಗೊಟ್ಟರು. ಅವರ ಕಿವಿಯೂ ಈಗ ಮೊದಲಿನಷ್ಟು ಚುರುಕಿರಲಿಲ್ಲ. "ಏನಂತಿದ್ದಾರೆ?"

"ಬೈತಿದ್ದಾರೆ."

"ಯಾರಿಗೆ?"

"ಒಬ್ಬರಿಗೊಬ್ಬರು" ಅಂದಳು ಮಗಳು.

ಸೊಸೆ ಇನ್ನೊಂದು ಚಮಚ ಬೇಳೆ ಹಾಕಿಕೊಂಡಳು. ನಾಲಿಗೆ ಸುಡುವಷ್ಟು ಬಿಸಿಯಿತ್ತು.